ಕೈ ಎತ್ತುವ ಮುಂಚೆಯೇ ಆಗಿಹೋದ ನಿರ್ಧಾರಗಳು

ಸ್ಥಳೀಯ ಸಂಸ್ಥೆಗಳ ಬಜೆಟ್ ಪುಸ್ತಕ ಕೈಗೆ ಸಿಕ್ಕರೆ ನಾನು ಕೊನೆಯ ಪುಟಗಳಿಂದ ಓದಲು ಆರಂಭಿಸುತ್ತೇನೆ. ಮೊದಲ ಪುಟಗಳಲ್ಲಿ ಅಧ್ಯಕ್ಷರ ಅಥವಾ ಮೇಯರ್ ಅವರ ಭಾಷಣವಿರುತ್ತದೆ. ಹೊಸ ಉದ್ಯಾನ, ಹೊಸ ಗ್ರಂಥಾಲಯ, ರಸ್ತೆ ಅಗಲೀಕರಣ ಎಂಬ ಘೋಷಣೆಗಳಿರುತ್ತವೆ. ಮರುದಿನ ಪತ್ರಿಕೆಗಳಲ್ಲಿ ಬರುವುದೂ ಬಹುಮಟ್ಟಿಗೆ ಅದೇ. ತೀರಿಸಬೇಕಾದ ಸಾಲ, ಗುತ್ತಿಗೆದಾರರ ಬಾಕಿ ಬಿಲ್ಲುಗಳು, ಪಿಂಚಣಿಯ ಹೊಣೆ, ನ್ಯಾಯಾಲಯದಲ್ಲಿರುವ ಪ್ರಕರಣಗಳು, ತೆರಿಗೆಯ ಬೇಡಿಕೆ–ವಸೂಲಿ–ಬಾಕಿ ತಃಖ್ತೆ, ಇವೆಲ್ಲ ಅನುಬಂಧಗಳಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತವೆ, ಕೆಲವೊಮ್ಮೆ ಇರುವುದೇ ಇಲ್ಲ. ಸದಸ್ಯರು ಸಭೆಯಲ್ಲಿ ಕೈ ಎತ್ತುವ ಹೊತ್ತಿಗೆ ನಿರ್ಧಾರದ ದೊಡ್ಡ ಪಾಲು ಬೇರೆ ಕಡೆ, ಬೇರೆ ವರ್ಷದಲ್ಲಿ, ಎಷ್ಟೋ ಸಲ ಬೇರೆಯವರಿಂದ ಆಗಿಹೋಗಿರುತ್ತದೆ ಎಂಬ ನನ್ನ ಅಭಿಪ್ರಾಯ ಬಲವಾದದ್ದು ಈ ಅನುಬಂಧಗಳನ್ನು ಓದುತ್ತಾ ಹೋದಂತೆ.

ಬಜೆಟ್ ಎಂದರೆ ಜನಪ್ರತಿನಿಧಿಗಳು ಒಂದು ವರ್ಷದ ಹಣವನ್ನು ತಮ್ಮ ಆದ್ಯತೆಯಂತೆ ಹಂಚುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ನೌಕರರ ಸಂಬಳ, ನಿವೃತ್ತರ ಪಿಂಚಣಿ, ಸಾಲದ ಅಸಲು ಮತ್ತು ಬಡ್ಡಿ, ನೀರೆತ್ತುವ ಪಂಪುಗಳ ಹಾಗೂ ಬೀದಿದೀಪಗಳ ವಿದ್ಯುತ್ ಶುಲ್ಕ, ಈಗಾಗಲೇ ಸಹಿ ಬಿದ್ದಿರುವ ಗುತ್ತಿಗೆಗಳು, ಕಾನೂನು ಕಡ್ಡಾಯ ಮಾಡಿರುವ ಸೇವೆಗಳು, ಇಷ್ಟನ್ನು ಕಳೆದ ಮೇಲೆ ಸದಸ್ಯರ ವಿವೇಚನೆಗೆ ಉಳಿಯುವುದು ಸಣ್ಣ ಮೊತ್ತ. ಇಂಗ್ಲೆಂಡಿನ ದೊಡ್ಡ ಕೌನ್ಸಿಲ್‌ಗಳಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ವೃದ್ಧರ ಮತ್ತು ಅಂಗವಿಕಲರ ಆರೈಕೆ, ಅಪಾಯದಲ್ಲಿರುವ ಮಕ್ಕಳ ರಕ್ಷಣೆ ಇವು ಶಾಸನಬದ್ಧ ಕರ್ತವ್ಯಗಳು. ಅರ್ಹತೆಯುಳ್ಳವರು ಎಷ್ಟು ಜನ ಬಂದರೂ ಹಣವಿಲ್ಲವೆಂದು ಹಿಂದಕ್ಕೆ ಕಳುಹಿಸುವಂತಿಲ್ಲ. ಬಜೆಟ್ಟಿನ ದೊಡ್ಡ ಪಾಲನ್ನು ಇವೇ ತೆಗೆದುಕೊಳ್ಳುವುದರಿಂದ, ಕಡಿತ ಮಾಡಬೇಕಾಗಿ ಬಂದಾಗ ಕತ್ತರಿ ಬೀಳುವುದು ಗ್ರಂಥಾಲಯ, ಉದ್ಯಾನ, ಯುವಕೇಂದ್ರ, ಬಸ್ ಸಹಾಯಧನ ಇಂಥವುಗಳ ಮೇಲೆ. ಗ್ರಂಥಾಲಯ ಮುಚ್ಚಿದ್ದಕ್ಕೆ ಜನ ಬೈಯುವುದು ಸ್ಥಳೀಯ ಸದಸ್ಯರನ್ನು. ಆರೈಕೆಯ ಕರ್ತವ್ಯವನ್ನು ಹೊರಿಸಿ ಅದಕ್ಕೆ ತಕ್ಕಷ್ಟು ಅನುದಾನ ಕೊಡದ ಮೇಲಿನ ಸರ್ಕಾರ ಆ ಸಭೆಯ ಹತ್ತಿರವೂ ಸುಳಿಯುವುದಿಲ್ಲ.

ಇನ್ನು ಆದಾಯದ ಕಡೆ ನೋಡೋಣ. ಬಜೆಟ್ಟಿನ ಪ್ರತಿ ಲೆಕ್ಕ ಶೀರ್ಷಿಕೆಯ ಎದುರು ಸಾಮಾನ್ಯವಾಗಿ ಹಿಂದಿನ ವರ್ಷದ ವಾಸ್ತವಿಕ ಮೊತ್ತ, ಚಾಲ್ತಿ ವರ್ಷದ ಮೂಲ ಅಂದಾಜು, ಅದರ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು ಎಂಬ ಕಾಲಂಗಳಿರುತ್ತವೆ. ಆಸ್ತಿ ತೆರಿಗೆಯ ಸಾಲಿನಲ್ಲಿ ಹಿಂದಿನ ವರ್ಷ ವಾಸ್ತವವಾಗಿ ಬಂದದ್ದು ಅರವತ್ತು, ಈ ವರ್ಷಕ್ಕೆ ಅಂದಾಜಿಸಿದ್ದು ನೂರು, ವರ್ಷದ ಕೊನೆಗೆ ಪರಿಷ್ಕರಿಸಿದ್ದು ಅರವತ್ತೈದು, ಬರುವ ವರ್ಷಕ್ಕೆ ಬರೆದದ್ದು ನೂರಾಹತ್ತು ಎಂದು ಉದಾಹರಣೆಗೆ ಇಟ್ಟುಕೊಳ್ಳಿ. ತೆರಿಗೆ ದರ ಏರಿಲ್ಲ, ಮರುಮೌಲ್ಯಮಾಪನ ನಡೆದಿಲ್ಲ, ವಸೂಲಿ ಸಿಬ್ಬಂದಿ ಹೆಚ್ಚಿಲ್ಲ. ಆದರೂ ಅರವತ್ತೈದು ನೂರಾಹತ್ತಾಗುತ್ತದೆ ಎಂದು ಪುಸ್ತಕ ಹೇಳುತ್ತದೆ. ಆ ನೂರಾಹತ್ತು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ವೆಚ್ಚದ ಕಡೆಯ ಕಾಮಗಾರಿಗಳ ಮೊತ್ತವನ್ನು ಕೂಡಿ ನೋಡಬೇಕು: ಎಲ್ಲರ ವಾರ್ಡಿಗೂ ಕೆಲಸ ಕೊಟ್ಟು, ಆಮೇಲೆ ಲೆಕ್ಕ ಸರಿದೂಗಲು ಬೇಕಾದಷ್ಟನ್ನು ತೆರಿಗೆಯ ಸಾಲಿನಲ್ಲಿ ತುಂಬಿಸಲಾಗಿರುತ್ತದೆ. ಇಂಥ ಪುಸ್ತಕಕ್ಕೂ ಉಳಿತಾಯ ಬಜೆಟ್ ಎಂಬ ಹೆಸರು ಸಿಗುತ್ತದೆ.

ಹೀಗೆ ಉಬ್ಬಿಸಿದ ಅಂದಾಜಿನಿಂದ ಸಭೆಯಲ್ಲಿ ಯಾರಿಗೂ ಬೇಸರವಾಗುವುದಿಲ್ಲ, ಏಕೆಂದರೆ ಯಾರಿಗೂ ಇಲ್ಲ ಎನ್ನಬೇಕಾಗಿ ಬರುವುದಿಲ್ಲ. ತೊಂದರೆ ಕಾಣಿಸಿಕೊಳ್ಳುವುದು ಆರೇಳು ತಿಂಗಳ ನಂತರ, ಕೆಲಸ ಮುಗಿದು ಬಿಲ್ಲುಗಳು ಬಂದು ಖಜಾನೆಯಲ್ಲಿ ಅಷ್ಟು ಹಣ ಇಲ್ಲದಿರುವಾಗ. ಆಗ ಯಾರ ಬಿಲ್ಲನ್ನು ಮೊದಲು ಪಾವತಿಸಬೇಕು, ಯಾವುದನ್ನು ಮೇಜಿನ ಮೇಲೇ ಇಟ್ಟುಕೊಳ್ಳಬೇಕು ಎಂಬುದನ್ನು ಲೆಕ್ಕಾಧಿಕಾರಿಯೋ ಆಯುಕ್ತರೋ ತೀರ್ಮಾನಿಸುತ್ತಾರೆ. ಸದನ ಮಾಡಬೇಕಿದ್ದ ಆದ್ಯತೆಯ ಆಯ್ಕೆ ಪಾವತಿಯ ಸರದಿಯಾಗಿ ಒಬ್ಬ ಅಧಿಕಾರಿಯ ಕೊಠಡಿಗೆ ಹೋಗುತ್ತದೆ. ಅಲ್ಲಿ ಕಾರ್ಯಸೂಚಿ ಇಲ್ಲ, ನಡಾವಳಿ ಇಲ್ಲ, ಪ್ರಶ್ನೆ ಕೇಳುವವರೂ ಇಲ್ಲ. ಗಲಾಟೆ ಮಾಡುವ ಶಕ್ತಿಯುಳ್ಳವರ ಬಿಲ್ಲು ಮುಂದೆ ಹೋಗುತ್ತದೆ. ವಿದ್ಯುತ್ ಬಾಕಿ, ಭವಿಷ್ಯನಿಧಿಯ ವಂತಿಗೆ, ಕೊಳವೆ ಬದಲಾವಣೆ ಇವು ಹಿಂದೆ ಬೀಳುತ್ತವೆ, ಏಕೆಂದರೆ ಅವು ಆ ವರ್ಷವೇ ಯಾರ ಮನೆ ಬಾಗಿಲಿಗೂ ಬಂದು ನಿಲ್ಲುವುದಿಲ್ಲ. ಒಂದು ಸ್ಥಳೀಯ ಸಂಸ್ಥೆಯ ನಿಜವಾದ ಬಜೆಟ್ ತಿಳಿಯಬೇಕಾದರೆ ಮಂಜೂರಾದ ಪುಸ್ತಕಕ್ಕಿಂತ ಪಾವತಿಯ ವಹಿಯನ್ನು ಓದುವುದು ಲೇಸು ಎಂದು ನನಗೆ ಅನಿಸುವುದು ಈ ಕಾರಣಕ್ಕೆ.

ದಿನನಿತ್ಯದ ಖರ್ಚಾದ ರಾಜಸ್ವ ವೆಚ್ಚ ಮತ್ತು ಬಾಳುವ ಆಸ್ತಿ ಕಟ್ಟುವ ಬಂಡವಾಳ ವೆಚ್ಚಗಳ ನಡುವಿನ ಗೆರೆ ಒಣ ವಿಷಯವೆಂದು ತೋರಬಹುದು. ಅದನ್ನು ಅಳಿಸಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ನಗರವೇ ಸಾಕ್ಷಿ. ಸೇತುವೆ, ಶಾಲಾ ಕಟ್ಟಡದಂತಹ ದೀರ್ಘಕಾಲ ಬಾಳುವ ಆಸ್ತಿಗಳಿಗಾಗಿ ಮೀಸಲಾದ ಸಾಲದ ಹಣವನ್ನು ಆ ನಗರ ವರ್ಷಗಟ್ಟಲೆ ದಿನನಿತ್ಯದ ಖರ್ಚಿಗೆ ಬಳಸಿತು. ಉಳಿದ ಕೊರತೆಯನ್ನು, ಬರಲಿದೆ ಎಂದು ಹೇಳಿಕೊಂಡ ಆದಾಯದ ಮೇಲೆ ಅಲ್ಪಾವಧಿ ಸಾಲ ಎತ್ತಿ ಮುಚ್ಚಿತು. 1975ರಲ್ಲಿ ಬ್ಯಾಂಕುಗಳು ಹೊಸ ಸಾಲ ನಿಲ್ಲಿಸಿದಾಗ ರಾಜ್ಯ ಸರ್ಕಾರ ತುರ್ತು ಹಣಕಾಸು ನಿಯಂತ್ರಣ ಮಂಡಳಿಯೊಂದನ್ನು ರಚಿಸಿತು. ನಗರದ ಹಣಕಾಸಿನ ಮೇಲೆ ಕೊನೆಯ ಮಾತು ಆ ಮಂಡಳಿಯದಾಯಿತು. ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಶತಮಾನಕ್ಕೂ ಹೆಚ್ಚು ಕಾಲ ಬೋಧನಾ ಶುಲ್ಕವಿಲ್ಲದೆ ಓದಿಸಿದ್ದ ಸಿಟಿ ಯೂನಿವರ್ಸಿಟಿಯಲ್ಲಿ 1976ರಿಂದ ಶುಲ್ಕ ಬಂತು. ಆ ಶುಲ್ಕವನ್ನು ಹೇರಿದ್ದು 1976ರ ಸಭೆಯೋ, ಅಥವಾ ಖರ್ಚನ್ನು ತಪ್ಪು ಕಾಲಂನಲ್ಲಿ ಬರೆಯಲು ಒಪ್ಪಿದ ಹಿಂದಿನ ಸಭೆಗಳೋ ಎಂದು ಕೇಳಿದರೆ, ನಾನು ಎರಡನೆಯದರ ಕಡೆ ಬೆರಳು ತೋರಿಸುತ್ತೇನೆ.

ಬಂಡವಾಳ ವೆಚ್ಚದಲ್ಲಿ ಇನ್ನೊಂದು ತೊಡಕಿದೆ. ಮೇಲಿನ ಸರ್ಕಾರಗಳಿಂದ ಬರುವ ಅನುದಾನ ಹೆಚ್ಚಾಗಿ ಹೊಸದನ್ನು ಕಟ್ಟುವುದಕ್ಕೆ ಸಿಗುತ್ತದೆ. ಕಟ್ಟಿದ್ದನ್ನು ನಡೆಸುವುದಕ್ಕೆ ಸಿಗುವುದು ಅಪರೂಪ. ನೀರು ಶುದ್ಧೀಕರಣ ಘಟಕಕ್ಕೆ ಅನುದಾನ ಬಂದಿದೆ ಎಂದರೆ ಅದನ್ನು ಒಪ್ಪಿಕೊಳ್ಳುವ ಠರಾವು ಸಭೆಯಲ್ಲಿ ಒಂದು ನಿಮಿಷದಲ್ಲಿ, ಬಹುತೇಕ ಅವಿರೋಧವಾಗಿ ಅಂಗೀಕಾರವಾಗುತ್ತದೆ, ಏಕೆಂದರೆ ಬಿಟ್ಟಿ ಬಂದ ಹಣವನ್ನು ಬೇಡವೆನ್ನುವವರು ಯಾರು? ಆದರೆ ಆ ಒಂದು ನಿಮಿಷದಲ್ಲಿ ಮುಂದಿನ ಮೂವತ್ತು ವರ್ಷಗಳ ವಿದ್ಯುತ್, ಆಲಂ ಮತ್ತು ಕ್ಲೋರಿನ್ ಖರೀದಿ, ಮೂರು ಪಾಳಿಯ ಸಿಬ್ಬಂದಿ, ಮರಳು ಸೋಸುಗಗಳ ಸ್ವಚ್ಛತೆ, ಪಂಪುಗಳ ದುರಸ್ತಿ, ಹೊರಬೀಳುವ ಕೆಸರಿನ ವಿಲೇವಾರಿ, ಇಷ್ಟಕ್ಕೂ ಸಂಸ್ಥೆ ತನ್ನ ಸ್ವಂತ ಆದಾಯವನ್ನು ಒತ್ತೆ ಇಟ್ಟಿರುತ್ತದೆ. ಈ ವಾರ್ಷಿಕ ಖರ್ಚಿನ ಅಂದಾಜು ಆ ಠರಾವಿನ ಜೊತೆ ಲಗತ್ತಾಗಿರುವುದನ್ನು ನಾನು ಕಂಡದ್ದು ಬಹಳ ಕಡಿಮೆ. ನಿರ್ವಹಣೆಗೆ ಉದ್ಘಾಟನಾ ಸಮಾರಂಭವಿಲ್ಲ, ಶಿಲಾಫಲಕವಿಲ್ಲ. ಒಂದು ವರ್ಷ ಅದನ್ನು ಕಡಿತ ಮಾಡಿದರೆ ಯಾರಿಗೂ ಗೊತ್ತಾಗುವುದೂ ಇಲ್ಲ. ಹೀಗಾಗಿ ಕಡಿತಕ್ಕೆ ಅತಿ ಸುಲಭವಾಗಿ ಒದಗುವುದು ಅದೇ.

ಜಪಾನಿನ ಹೊಕ್ಕೈಡೋದಲ್ಲಿರುವ ಯೂಬಾರಿ ನಗರದ ಕಥೆ ಈ ಎಲ್ಲ ದೋಷಗಳನ್ನು ಒಟ್ಟಿಗೆ ತೋರಿಸುತ್ತದೆ. ಕಲ್ಲಿದ್ದಲಿನಿಂದ ಬದುಕಿದ್ದ, 1960ರ ಹೊತ್ತಿಗೆ ಲಕ್ಷಕ್ಕೂ ಮೀರಿ ಜನಸಂಖ್ಯೆಯಿದ್ದ ಆ ನಗರದ ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಪ್ರವಾಸೋದ್ಯಮ ಗಣಿಯ ಜಾಗವನ್ನು ತುಂಬುತ್ತದೆಂಬ ಭರವಸೆಯಲ್ಲಿ ನಗರಾಡಳಿತ ಗಣಿ ವಸ್ತುಸಂಗ್ರಹಾಲಯ, ಮನರಂಜನಾ ಉದ್ಯಾನ, ಸ್ಕೀ ರೆಸಾರ್ಟ್ ಎಂದು ಸಾಲ ಮಾಡಿ ಹೂಡುತ್ತಾ ಹೋಯಿತು. ಕೊರತೆ ಹೊರಗೆ ಕಾಣದಂತೆ ಮಾಡಿದ ವಿಧಾನ ಮಾತ್ರ ಗಮನಿಸತಕ್ಕದ್ದು. ಅಲ್ಲಿ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿದರೂ ಆ ವರ್ಷದ ಪಾವತಿ–ಜಮೆಗಳನ್ನು ಸರಿಪಡಿಸಲು ಮೇ ಕೊನೆಯವರೆಗೆ ಅವಕಾಶವಿದೆ. ಹಳೆಯ ವರ್ಷವೂ ಹೊಸ ವರ್ಷವೂ ಒಟ್ಟಿಗೆ ತೆರೆದಿರುವ ಈ ಎರಡು ತಿಂಗಳಲ್ಲಿ, ಹೊಸ ವರ್ಷದ ಹಣವನ್ನು ಹಳೆಯ ವರ್ಷದ ಲೆಕ್ಕಕ್ಕೆ, ಸಾಮಾನ್ಯ ಖಾತೆಯಿಂದ ಪ್ರವಾಸೋದ್ಯಮದಂತಹ ವಿಶೇಷ ಖಾತೆಗಳಿಗೆ ಸಾಲವೆಂದು ಹರಿಸಿ, ಕಾಗದದ ಮೇಲೆ ಎಲ್ಲವನ್ನೂ ಸರಿದೂಗಿಸಲಾಗುತ್ತಿತ್ತು. 2006ರಲ್ಲಿ ಇದು ಬಯಲಾಯಿತು. 2007ರಲ್ಲಿ ನಗರ ಔಪಚಾರಿಕವಾಗಿ ಪುನಶ್ಚೇತನ ಯೋಜನೆಗೆ ಒಳಪಟ್ಟಿತು. ಆಗ ಅಲ್ಲಿ ಉಳಿದಿದ್ದ ಸುಮಾರು 13,000 ಜನರ ಮೇಲೆ ಬಿದ್ದ ಹೊರೆ 3,500 ಕೋಟಿ ಯೆನ್‌ಗೂ ಹೆಚ್ಚು. 171 ಹಾಸಿಗೆಗಳ ನಗರ ಆಸ್ಪತ್ರೆ 19 ಹಾಸಿಗೆಗಳ ಚಿಕಿತ್ಸಾಲಯವಾಯಿತು, ಪ್ರಾಥಮಿಕ ಶಾಲೆಗಳೆಲ್ಲ ಸೇರಿ ಒಂದಾದವು, ಗ್ರಂಥಾಲಯ ಮುಚ್ಚಿತು. ಆಸ್ಪತ್ರೆಯನ್ನು ಕುಗ್ಗಿಸಬೇಕೇ ಬೇಡವೇ ಎಂಬ ಚರ್ಚೆಗೆ ಆಗ ಹೆಚ್ಚಿನ ಅರ್ಥ ಉಳಿದಿರಲಿಲ್ಲ. ಅರ್ಥವಿದ್ದದ್ದು ಪ್ರತಿ ವರ್ಷ ಮೇ ತಿಂಗಳಲ್ಲಿ ಆ ಲೆಕ್ಕಗಳು ಸದಸ್ಯರ ಮುಂದೆ ಬಂದಾಗ, ವಿಶೇಷ ಖಾತೆಗೆ ಕೊಟ್ಟ ಸಾಲ ವಾಪಸ್ ಬರುವುದು ಯಾವಾಗ ಎಂದು ಯಾರಾದರೂ ಕೇಳಿದ್ದರೆ.

ಹಾಗೆಂದು ಸದಸ್ಯರು ಕೇಳಲಿಲ್ಲವೆಂದು ದೂರುವುದು ಎಲ್ಲ ಸಲವೂ ನ್ಯಾಯವಲ್ಲ. ಕೇಳಲು ಅವರಿಗೆ ಸಮಯ ಬೇಕು, ಕಾಗದ ಬೇಕು. ಷಿಕಾಗೋ ನಗರದ ಪಾರ್ಕಿಂಗ್ ಮೀಟರ್ ಒಪ್ಪಂದವನ್ನು ನೋಡಿ. ಸುಮಾರು 36,000 ಮೀಟರ್‌ಗಳ ಆದಾಯವನ್ನು 75 ವರ್ಷಗಳ ಕಾಲ ಖಾಸಗಿ ಹೂಡಿಕೆದಾರರಿಗೆ ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಸುಮಾರು 115 ಕೋಟಿ ಡಾಲರ್‌ಗಳನ್ನು ಒಮ್ಮೆಲೇ ಪಡೆಯುವ ಪ್ರಸ್ತಾವವನ್ನು ಅಂದಿನ ಮೇಯರ್ ರಿಚರ್ಡ್ ಎಂ. ಡೇಲಿ 2008ರ ಡಿಸೆಂಬರ್ 2ರಂದು ಪ್ರಕಟಿಸಿದರು. ಡಿಸೆಂಬರ್ 4ರಂದು ಕೌನ್ಸಿಲ್ ಅದನ್ನು 40–5 ಮತಗಳಿಂದ ಅಂಗೀಕರಿಸಿತು. ಮೂರು ತಲೆಮಾರುಗಳನ್ನು ಕಟ್ಟಿಹಾಕುವ ಒಪ್ಪಂದವನ್ನು ಓದಲು ಸಿಕ್ಕದ್ದು ಎರಡು ದಿನ. ಆ ಮೀಟರ್‌ಗಳು 75 ವರ್ಷಗಳಲ್ಲಿ ನಗರಕ್ಕೆ ಎಷ್ಟು ತಂದುಕೊಡಬಲ್ಲವು ಎಂಬ ಸ್ವತಂತ್ರ ಮೌಲ್ಯಮಾಪನ ಸದಸ್ಯರ ಮುಂದಿರಲಿಲ್ಲ. ಮರುವರ್ಷ ನಗರಾಡಳಿತದ ಅಕ್ರಮಗಳನ್ನು ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ನೀಡಿದ ವರದಿ, ನಗರ ತನಗೆ ಸಲ್ಲಬೇಕಾದದ್ದಕ್ಕಿಂತ ಸುಮಾರು 97 ಕೋಟಿ ಡಾಲರ್ ಕಡಿಮೆಗೆ ಒಪ್ಪಿಕೊಂಡಿದೆ ಎಂದಿತು. ಬಂದ ಹಣದ ಬಹುಪಾಲು ಕೆಲವೇ ವರ್ಷಗಳಲ್ಲಿ ಬಜೆಟ್ ಕೊರತೆ ತುಂಬಲು ಖರ್ಚಾಯಿತು. ಒಪ್ಪಂದದ ಅವಧಿ ಅರವತ್ತು ವರ್ಷಗಳಷ್ಟು ಉಳಿದಿರುವಾಗಲೇ ಹೂಡಿಕೆದಾರರು ಹಾಕಿದ ಮೊತ್ತ ಅವರಿಗೆ ಮರಳಿ ಬಂದಿದೆ.

ನಷ್ಟದ ಮೊತ್ತಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಅದರಲ್ಲಿನ ಪರಿಹಾರದ ಷರತ್ತು. ಹಬ್ಬಕ್ಕೋ ದುರಸ್ತಿಗೋ ನಗರ ಒಂದು ರಸ್ತೆಯನ್ನು ಮುಚ್ಚಿ ಅಲ್ಲಿನ ಮೀಟರ್‌ಗಳು ನಿಗದಿತ ಮಿತಿ ಮೀರಿ ಬಳಕೆಗೆ ಸಿಗದಂತಾದರೆ ಕಂಪನಿಗೆ ನಷ್ಟ ತುಂಬಿಕೊಡಬೇಕು. ಸೈಕಲ್ ಪಥಕ್ಕಾಗಿಯೋ ಬಸ್ ಪಥಕ್ಕಾಗಿಯೋ ಮೀಟರ್ ಜಾಗಗಳನ್ನು ತೆಗೆದರೆ ಅದಕ್ಕೆ ಸಮನಾದದ್ದನ್ನು ಬೇರೆಡೆ ಒದಗಿಸಬೇಕು, ಇಲ್ಲವೇ ಹಣ ಕೊಡಬೇಕು. ಅಂದರೆ 2008ರ ಆ ಎರಡು ದಿನಗಳಲ್ಲಿ ಕೌನ್ಸಿಲ್ ಮಾರಿದ್ದು ಮೀಟರ್‌ಗಳ ಆದಾಯದ ಜೊತೆಗೆ ತನ್ನ ಮುಂದಿನ ಕೌನ್ಸಿಲ್‌ಗಳು ರಸ್ತೆಗಳ ಬಗ್ಗೆ ಸ್ವತಂತ್ರವಾಗಿ ತೀರ್ಮಾನಿಸುವ ಹಕ್ಕಿನ ಒಂದು ತುಂಡನ್ನೂ.

ಕಾಗದ ಮುಂದಿದ್ದೂ ವರ್ಷಗಟ್ಟಲೆ ಮುಂದೂಡುವುದು ಇನ್ನೊಂದು ಬಗೆ. ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್‌ನಲ್ಲಿ ಸ್ವಚ್ಛತೆ, ಅಡುಗೆ, ಆರೈಕೆಯಂತಹ ಕೆಲಸಗಳಲ್ಲಿದ್ದ ಮಹಿಳೆಯರಿಗೆ, ಪುರುಷರೇ ಹೆಚ್ಚಿದ್ದ ಕಸ ಸಾಗಣೆಯಂತಹ ಸಮಾನ ಶ್ರೇಣಿಯ ಕೆಲಸಗಳಿಗೆ ಸಿಗುತ್ತಿದ್ದ ಬೋನಸ್ ಸಿಗುತ್ತಿರಲಿಲ್ಲ. 2012ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. ನಂತರದ ದಶಕದಲ್ಲಿ ಕೌನ್ಸಿಲ್ 100 ಕೋಟಿ ಪೌಂಡ್‌ಗಿಂತ ಹೆಚ್ಚು ಪರಿಹಾರ ಪಾವತಿಸಿತು, ಆದರೆ ವೇತನ ಶ್ರೇಣಿಯನ್ನು ಬುಡದಿಂದ ಸರಿಪಡಿಸುವ ಕೆಲಸ ಮುಗಿಯಲಿಲ್ಲ. ಹೊಸ ಹಕ್ಕೊತ್ತಾಯಗಳು ಸೇರುತ್ತಲೇ ಹೋದವು. ಇದರ ಜೊತೆಗೆ, ಲೆಕ್ಕಪತ್ರ ಮತ್ತು ಸಿಬ್ಬಂದಿ ನಿರ್ವಹಣೆಗೆಂದು ಅಳವಡಿಸಿದ ಹೊಸ ತಂತ್ರಾಂಶದ ವೆಚ್ಚ ಮೊದಲ ಅಂದಾಜಿನ ಹಲವು ಪಟ್ಟಾಯಿತು. 2023ರಲ್ಲಿ ಸಮಾನ ವೇತನದ ಬಾಕಿ ಹೊಣೆ 65 ಕೋಟಿಯಿಂದ 76 ಕೋಟಿ ಪೌಂಡ್ ಎಂದು ಕೌನ್ಸಿಲ್ ಅಂದಾಜಿಸಿತು. ಸೆಪ್ಟೆಂಬರ್ 5ರಂದು 114ನೇ ಕಲಮಿನ ನೋಟಿಸ್ ಹೊರಬಿತ್ತು. 1988ರ ಸ್ಥಳೀಯ ಸರ್ಕಾರ ಹಣಕಾಸು ಕಾಯ್ದೆಯ ಈ ಕಲಮಿನಡಿ, ವೆಚ್ಚ ಆದಾಯವನ್ನು ಮೀರಲಿದೆ ಎಂದು ಕಂಡುಬಂದರೆ ಮುಖ್ಯ ಹಣಕಾಸು ಅಧಿಕಾರಿಯೇ ನೋಟಿಸ್ ನೀಡಬೇಕು; ಹೊಸ ಖರ್ಚು ನಿಲ್ಲುತ್ತದೆ, 21 ದಿನಗಳೊಳಗೆ ಸದಸ್ಯರು ಸಭೆ ಸೇರಬೇಕು. ಬಳಿಕ ಸರ್ಕಾರ ನೇಮಿಸಿದ ಕಮಿಷನರ್‌ಗಳು ಬಂದರು. 2024ರಲ್ಲಿ ಮನೆಗಳ ಮೇಲಿನ ಸ್ಥಳೀಯ ತೆರಿಗೆಯಾದ ‘ಕೌನ್ಸಿಲ್ ತೆರಿಗೆ’ ಸುಮಾರು ಶೇ. 10ರಷ್ಟು ಏರಿತು, ಎರಡು ವರ್ಷಗಳಲ್ಲಿ ಸುಮಾರು 30 ಕೋಟಿ ಪೌಂಡ್ ಕಡಿತಕ್ಕೆ ಒಪ್ಪಿಗೆ ನೀಡಲಾಯಿತು. ಅಡುಗೆಮನೆಯಲ್ಲಿ ದುಡಿದ ಹೆಂಗಸರಿಗೆ ಸಲ್ಲಬೇಕಾದ ಸಂಬಳವನ್ನು ತಡೆಹಿಡಿದದ್ದು ಉಳಿತಾಯವಾಗಿರಲಿಲ್ಲ. ಯಾವ ಪುಸ್ತಕದಲ್ಲೂ ಬರೆಯದ ಸಾಲವಾಗಿತ್ತು.

ಚುನಾಯಿತ ಸಭೆಯನ್ನು ಬದಿಗೆ ಸರಿಸಿದರೆ ಹಣಕಾಸು ಸರಿಹೋಗುತ್ತದೆ ಎಂಬ ವಾದವೂ ಇದೆ. ಅದಕ್ಕೆ ಮಿಷಿಗನ್ ರಾಜ್ಯದ ಫ್ಲಿಂಟ್ ನಗರವೊಂದೇ ಸಾಕಾದ ಉತ್ತರ. ರಾಜ್ಯ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕೈಯಲ್ಲಿದ್ದ ಆ ನಗರದಲ್ಲಿ, ವೆಚ್ಚ ಉಳಿಸಲೆಂದು 2014ರ ಏಪ್ರಿಲ್‌ನಲ್ಲಿ ಕುಡಿಯುವ ನೀರಿನ ಮೂಲವನ್ನು ಡೆಟ್ರಾಯಿಟ್‌ನ ಸರಬರಾಜಿನಿಂದ ಫ್ಲಿಂಟ್ ನದಿಗೆ ಬದಲಾಯಿಸಲಾಯಿತು. ಕೊಳವೆಗಳ ಸವೆತ ತಡೆಯುವ ರಾಸಾಯನಿಕವನ್ನು ಹಾಕಲಿಲ್ಲ, ಹಳೆಯ ಕೊಳವೆಗಳ ಸೀಸ ನೀರಿಗೆ ಬೆರೆಯಿತು. ಜನರ ದೂರು ಹೆಚ್ಚಾದ ಮೇಲೆ 2015ರ ಮಾರ್ಚ್‌ನಲ್ಲಿ ನಗರದ ಕೌನ್ಸಿಲ್ 7–1 ಮತಗಳಿಂದ ನದಿ ನೀರನ್ನು ನಿಲ್ಲಿಸಬೇಕೆಂದು ನಿರ್ಣಯಿಸಿತು. ಆಡಳಿತಾಧಿಕಾರಿ ಅದನ್ನು ಒಪ್ಪಲಿಲ್ಲ, ಒಪ್ಪಬೇಕಾದ ಕಟ್ಟುಪಾಡೂ ಅವರಿಗಿರಲಿಲ್ಲ. ಮತ್ತೆ ಡೆಟ್ರಾಯಿಟ್ ನೀರು ಹರಿದದ್ದು ಅಕ್ಟೋಬರ್‌ನಲ್ಲಿ.

ನಿರ್ಧಾರವನ್ನು ಮುಂಚಿನ ಹಂತದಲ್ಲೇ ಜನರ ಮುಂದೆ ತರುವ ಪ್ರಯತ್ನಗಳಲ್ಲಿ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯದು ಎಲ್ಲರಿಗಿಂತ ಹೆಸರಾದದ್ದು. 1989ರಿಂದ ಅಲ್ಲಿ ಪ್ರದೇಶವಾರು ಸಭೆಗಳಲ್ಲಿ ನಿವಾಸಿಗಳೇ ಹೂಡಿಕೆಯ ಆದ್ಯತೆಗಳನ್ನು ಚರ್ಚಿಸಿ ನಿಗದಿಪಡಿಸತೊಡಗಿದರು. ವಿಶ್ವಬ್ಯಾಂಕ್ ದಾಖಲಿಸಿರುವಂತೆ ನೀರು ಮತ್ತು ಒಳಚರಂಡಿ ಸಂಪರ್ಕವಿರುವ ಮನೆಗಳ ಪ್ರಮಾಣ 1988ರಲ್ಲಿ ಶೇ. 75 ಇದ್ದದ್ದು 1997ರ ಹೊತ್ತಿಗೆ ಶೇ. 98ಕ್ಕೆ ಏರಿತು. ಬಡಾವಣೆಯ ಸಭೆಗೆ ಬಂದವರು ಕೇಳಿದ್ದು ಚರಂಡಿಯನ್ನು, ನೀರನ್ನು, ಅಲಂಕಾರದ ಕಾಮಗಾರಿಗಳನ್ನಲ್ಲ. ಆದರೆ ಅಲ್ಲಿಯೂ ಜನರ ಮುಂದಿದ್ದದ್ದು ಹೂಡಿಕೆಯ ಭಾಗ ಮಾತ್ರ. ಸಂಬಳ, ಸಾಲ, ನಡೆಯುತ್ತಿದ್ದ ಸೇವೆಗಳ ದೊಡ್ಡ ಮೊತ್ತ ಚರ್ಚೆಯ ಹೊರಗೇ ಉಳಿಯಿತು. ಹೂಡಿಕೆಗೆ ಹಣ ಕಡಿಮೆಯಾದಂತೆ ಒಪ್ಪಿದ ಕಾಮಗಾರಿಗಳು ಬಾಕಿ ಬಿದ್ದವು, ಸಭೆಗಳ ಬಲ ಕುಂದಿತು, 2017ರಲ್ಲಿ ನಗರಾಡಳಿತ ಪ್ರಕ್ರಿಯೆಯನ್ನೇ ಸ್ಥಗಿತಗೊಳಿಸಿತು. ಸ್ಥಳೀಯ ಯೋಜನೆಗಳನ್ನು ಜನರೇ ರೂಪಿಸುವ ಕೇರಳದ ಜನಯೋಜನೆ 1996ರಲ್ಲಿ ಆರಂಭವಾದಾಗ ರಾಜ್ಯದ ಯೋಜನಾ ವೆಚ್ಚದ ಶೇ. 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಡುವುದು ಅದರ ತಿರುಳಾಗಿತ್ತು. ಗ್ರಾಮಸಭೆಯಲ್ಲಿ ಮಾತಾಡಿದರೆ ಏನಾದರೂ ಆಗುತ್ತದೆ ಎಂಬ ನಂಬಿಕೆ ಹುಟ್ಟಲು ಭಾಷಣಕ್ಕಿಂತ ಆ ಪ್ರಮಾಣ ಹೆಚ್ಚು ನೆರವಾಯಿತು ಎಂಬುದು ನನ್ನ ಎಣಿಕೆ.

ನಿಯಮವೊಂದನ್ನು ಆಯ್ದು ಎಲ್ಲ ಕಡೆಯೂ ತರಬಹುದು ಎಂದರೆ ನಾನು ಇಂಗ್ಲೆಂಡಿನ 2003ರ ಸ್ಥಳೀಯ ಸರ್ಕಾರ ಕಾಯ್ದೆಯ 25ನೇ ಕಲಮನ್ನು ಆಯುತ್ತೇನೆ. ಬಜೆಟ್‌ಗೆ ಮತ ಹಾಕುವ ಮುನ್ನ ಅದರ ಅಂದಾಜುಗಳು ಎಷ್ಟು ಗಟ್ಟಿಯಾಗಿವೆ, ಮೀಸಲು ನಿಧಿ ಸಾಕಷ್ಟಿದೆಯೇ ಎಂಬ ಬಗ್ಗೆ ಮುಖ್ಯ ಹಣಕಾಸು ಅಧಿಕಾರಿ ಕೌನ್ಸಿಲ್‌ಗೆ ವರದಿ ಕೊಡಬೇಕು, ಸದಸ್ಯರು ಅದನ್ನು ಗಮನಕ್ಕೆ ತೆಗೆದುಕೊಳ್ಳಬೇಕು ಎಂದು ಅದು ವಿಧಿಸುತ್ತದೆ. ಬರ್ಮಿಂಗ್‌ಹ್ಯಾಮ್‌ನಲ್ಲೂ ಈ ಕಲಮು ಜಾರಿಯಲ್ಲೇ ಇತ್ತು. ಆದ್ದರಿಂದ ಇದು ಅನಾಹುತವನ್ನು ತಪ್ಪಿಸಿಯೇ ಬಿಡುತ್ತದೆ ಎಂದು ನಾನು ಹೇಳಲಾರೆ. ಆದರೆ ಅರವತ್ತೈದು ಹೇಗೆ ನೂರಾಹತ್ತಾಯಿತು ಎಂಬುದಕ್ಕೆ ಒಬ್ಬ ಅಧಿಕಾರಿ ಹೆಸರು ಹಾಕಿ ಉತ್ತರ ಬರೆಯಬೇಕಾಗುತ್ತದೆ. ಅದು ಸದಸ್ಯರ ಕೈಗೆ ಮತದಾನಕ್ಕೆ ಮುಂಚೆ ಸೇರುತ್ತದೆ. ಓದಿಯೂ ಕೈ ಎತ್ತಿದವರು ಯಾರು ಎಂಬುದು ನಡಾವಳಿಯಲ್ಲಿ ಉಳಿಯುತ್ತದೆ. ಅದರ ಜೊತೆಗೆ, ಹೊಸ ಆಸ್ತಿ ಕಟ್ಟುವ ಪ್ರತಿ ಠರಾವಿಗೂ ಅದರ ವಾರ್ಷಿಕ ನಿರ್ವಹಣಾ ವೆಚ್ಚ ಮತ್ತು ಆ ಹಣ ಬರುವ ಲೆಕ್ಕ ಶೀರ್ಷಿಕೆಯನ್ನು ನಮೂದಿಸದೆ ಕಾರ್ಯಸೂಚಿಯಲ್ಲಿ ಜಾಗ ಕೊಡಬಾರದು, ಹತ್ತು ವರ್ಷ ಮೀರಿ ಸಂಸ್ಥೆಯನ್ನು ಕಟ್ಟಿಹಾಕುವ ಯಾವ ಒಪ್ಪಂದವನ್ನೂ ಅದು ಮಂಡನೆಯಾದ ಸಭೆಯಲ್ಲೇ ಮತಕ್ಕೆ ಹಾಕಬಾರದು ಎಂಬ ಎರಡು ಉಪನಿಯಮಗಳನ್ನು ಸೇರಿಸಬಹುದು. ಇವಕ್ಕೆ ಹೊಸ ಕಾಯ್ದೆಯನ್ನು ಕಾಯಬೇಕಾಗಿಲ್ಲ. ತನ್ನ ಸಭಾ ನಡವಳಿಕೆಯ ನಿಯಮಗಳನ್ನು ತಾನೇ ತಿದ್ದುವ ಅಧಿಕಾರವಿರುವ ಯಾವುದೇ ಕೌನ್ಸಿಲ್ ಒಂದೇ ಸಭೆಯಲ್ಲಿ ಮಾಡಬಹುದಾದ ಕೆಲಸ ಇದು.